ನಂದಿಯ ತಪ್ಪಲಲ್ಲಿ ಕೇಳಿದ ಸದ್ದು

ನಂದಿಬೆಟ್ಟಕ್ಕೆ ಬರುವವರಲ್ಲಿ ಬಹಳ ಜನ ಕೆಳಗಿರುವ ನಂದಿ ಗ್ರಾಮದ ಕಡೆ ತಿರುಗಿಯೂ ನೋಡುವುದಿಲ್ಲ. ಮೋಡ ನೋಡುವ ಆತುರ, ನೇರ ಮೇಲಕ್ಕೇ ಹೋಗಿಬಿಡುತ್ತಾರೆ. ಶಿಡ್ಲಘಟ್ಟದ ನಮ್ಮ ಮನೆಯವರಿಗೆ ಮಾತ್ರ ಮೊದಲು ಭೋಗನಂದೀಶ್ವರ, ಆಮೇಲೆ ಬೆಟ್ಟ. ಸಾವಿರ ವರ್ಷಕ್ಕೂ ಹಿಂದಿನ ದೇವಸ್ಥಾನ ಅದು. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಮಂಟಪದ ಕಂಬಗಳ ಕೆತ್ತನೆ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಪಕ್ಕದ ಕಲ್ಯಾಣಿಯ ಮೆಟ್ಟಿಲುಗಳಂತೂ ರಂಗೋಲಿ ಎಳೆ ಎಳೆದ ಹಾಗೆ.

ಕಳೆದ ಕಾರ್ತಿಕದಲ್ಲಿ ಅತ್ತೆ, ನಾದಿನಿ, ಮಕ್ಕಳ ಸಮೇತ ಹೊರಟೆವು. ನಮ್ಮದು ಹಳೆಯ ಪೆಟ್ರೋಲ್ ಕಾರು. ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಸೇವಂತಿಗೆ ಹೊಲ ದಾಟಿ ಚಿಕ್ಕಬಳ್ಳಾಪುರ ಸೇರುವಷ್ಟರಲ್ಲಿ ಗಾಡಿ ನಿಂತಲ್ಲೆಲ್ಲ ಚಳಿ ಬಂದವರ ಹಾಗೆ ನಡುಗತೊಡಗಿತು. ದೇವಸ್ಥಾನದ ಹತ್ತಿರ ನಿಲ್ಲಿಸಿದಾಗ ಎಂಜಿನ್ ಕಡೆಯಿಂದ 'ಉಸ್' ಅಂತ ಬಿಡದೆ ಸದ್ದು. ಗ್ಯಾಸ್ಕೆಟ್ ಸವೆದ ಕುಕ್ಕರ್ ನೆನಪಾಯಿತು ನನಗೆ.

"ರೀ, ಇದೇನ್ರೀ ಸದ್ದು?" ಅಂದೆ.

"ಏನೂ ಇಲ್ಲ ಬಿಡು, ಹಳೇ ಗಾಡಿ. ಬ್ರೇಕೇ ಯಾಕೋ ಸ್ವಲ್ಪ ಬಿಗಿ" ಅಂದರು.

ಬ್ರೇಕ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಕಾರಿನಿಂದ ಇಳಿದೇಬಿಟ್ಟರು. "ಇದನ್ನ ತೋರಿಸದೆ ನಾನು ಬೆಟ್ಟ ಹತ್ತಲ್ಲ ಕಣಪ್ಪಾ" ಅಂತ ಪಟ್ಟು. ಅವರ ಹಟ ಎಷ್ಟೋ ಸಲ ನನಗೆ ಕಿರಿಕಿರಿ. ಆವತ್ತು ಮಾತ್ರ ಅಲ್ಲ.

ಚಿಕ್ಕಬಳ್ಳಾಪುರಕ್ಕೆ ಫೋನ್ ಮಾಡಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ವಯಸ್ಸಾದವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎಂಜಿನ್ ಓಡುತ್ತಿರುವಾಗಲೇ ಒಂದು ಕಪ್ಪು ರಬ್ಬರ್ ಪೈಪನ್ನು ಇಕ್ಕಳದಿಂದ ಅಮುಕಿ ಹಿಡಿದರು. ಸದ್ದು ನಿಂತಿತು, ನಡುಕವೂ ನಿಂತಿತು. ಬಿಟ್ಟರೆ ಮತ್ತೆ 'ಉಸ್'. ಕ್ಲಿಪ್ಪಿನ ಅಡಿಯಲ್ಲಿ ಪೈಪು ಸೀಳಿತ್ತು.

"ಅಮ್ಮಾ, ಕುಕ್ಕರಲ್ಲಿ ಆವಿ ಹೊರಗೆ ಬರುತ್ತೆ. ಇಲ್ಲಿ ಗಾಳಿ ಒಳಗೆ ಹೋಗುತ್ತೆ" ಅಂದರು. ಅವರು ಹೇಳಿದ್ದು ಇಷ್ಟು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರಿಕೊಳ್ಳುತ್ತದಲ್ಲ, ಆ ಎಳೆತವನ್ನೇ ಒಂದು ಪೈಪಿನ ಮೂಲಕ ಬ್ರೇಕ್ ಬೂಸ್ಟರ್ ಅನ್ನುವ ಗುಂಡನೆ ಡಬ್ಬಿಗೆ ಕೊಟ್ಟಿರುತ್ತಾರೆ. ನಾವು ಪೆಡಲ್ ಮೆತ್ತಗೆ ಒತ್ತಿದರೂ ಉಳಿದ ಬಲವನ್ನು ಅದು ಸೇರಿಸುತ್ತದೆ. ಪೈಪು ಸೀಳಿದರೆ ಲೆಕ್ಕಕ್ಕಿಲ್ಲದ ಗಾಳಿ ಎಂಜಿನ್ನಿಗೆ ನುಗ್ಗಿ ನಡುಕ ಬರುತ್ತದೆ, ಬೂಸ್ಟರಿಗೆ ಬಲ ಸಾಲದಾಗುತ್ತದೆ. ಬ್ರೇಕ್ ಪೂರ್ತಿ ಹೋಗುವುದಿಲ್ಲ. ಪೆಡಲ್ ಕಲ್ಲಾಗುತ್ತದೆ, ಕಾಲಿನ ಬಲವಷ್ಟೇ ಗತಿ. ಬೆಟ್ಟದ ತಿರುವಿನಲ್ಲಿ, ತುಂಬಿದ ಗಾಡಿಯಲ್ಲಿ, ಆ ಬಲ ಎಲ್ಲಿ ಸಾಕಾದೀತು? (ಡೀಸೆಲ್ ಗಾಡಿಗಳಿಗೆ ಈ ಎಳೆತಕ್ಕೆ ಬೇರೆ ಪಂಪೇ ಇರುತ್ತದಂತೆ.)

ಹೊಸ ಪೈಪ್ ತರಿಸಿ ಹಾಕಿದ ಮೇಲೆ ಅವರು ಮಾಡಿ ತೋರಿಸಿದ ಪರೀಕ್ಷೆಯನ್ನು ನೀವೂ ನಿಮ್ಮ ಮನೆಯವರ ಕೈಲಿ ಮಾಡಿಸಿ. ಗಾಡಿ ಸಮತಟ್ಟಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಆಫ್ ಮಾಡಿ ಬ್ರೇಕನ್ನು ನಾಲ್ಕೈದು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿಹಿಡಿದು ಸ್ಟಾರ್ಟ್ ಮಾಡಿದರೆ ಅದು ಕಾಲಿನಡಿಯಲ್ಲಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ತೋರಿಸಿಯೇ ಹೊರಡಿ. ಪೆಟ್ರೋಲ್ ಉಳಿಯಲಿ ಅಂತ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಗಂಡಸರೂ ಉಂಟು. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿಯಿತು. ಬೇಡವೆಂದು ಗಟ್ಟಿಯಾಗಿ ಹೇಳಿ.

ಪೈಪು, ಕೂಲಿ ಎಲ್ಲ ಸೇರಿ 700 ರೂಪಾಯಿ. ನಮ್ಮವರು ತುಟಿ ಎರಡು ಮಾಡದೆ ಕೊಟ್ಟರು.

ಬೆಟ್ಟದ ಎತ್ತರ 1,478 ಮೀಟರ್. ಮೇಲೆ ಯೋಗನಂದೀಶ್ವರ, ಟಿಪ್ಪುವಿನ ಬೇಸಿಗೆ ಅರಮನೆ, ನೋಡಿದರೆ ತಲೆ ಸುತ್ತುವ ಟಿಪ್ಪು ಡ್ರಾಪ್. 1986ರ ಸಾರ್ಕ್ ಸಮ್ಮೇಳನದ ಸಮಯದಲ್ಲಿ ದೇಶದೇಶದ ನಾಯಕರು ಇಲ್ಲಿಗೂ ಬಂದಿದ್ದರು ಅಂತ ಮಕ್ಕಳಿಗೆ ಹೇಳಿದರೆ, ಅವರ ಕಣ್ಣೆಲ್ಲ ಕೋತಿಗಳ ಮೇಲೆ. ಇಳಿಯುವಾಗ ಎರಡನೇ ಗೇರಿನಲ್ಲೇ ನಿಧಾನವಾಗಿ ಇಳಿದೆವು. ಒಂದೇ ಸಮನೆ ಬ್ರೇಕ್ ಒತ್ತಿಹಿಡಿದರೆ ಅದು ಕಾದುಹೋಗುತ್ತದೆ.

ಬುತ್ತಿ ಕಟ್ಟಿಕೊಂಡು ಹೋಗುವವರು ಕೆಳಗೆ ಮರದ ನೆರಳಿನಲ್ಲೇ ಊಟ ಮುಗಿಸಿ. ಮೇಲೆ ಪುಳಿಯೋಗರೆ ಡಬ್ಬಿ ತೆಗೆದರೆ ಕೋತಿಗಳಿಗೇ ಮೊದಲ ಪಂಕ್ತಿ.