ಜೋಗ ಹತ್ತಿದ ಮಧ್ಯಾಹ್ನ

ಮಳೆಗಾಲದಲ್ಲಿ ಕರೆಂಟು ಹೋಗಿ ಎಲ್ಲರೂ ಬಚ್ಚಲೊಲೆ ಮುಂದೆ ಸೇರಿದಾಗ ನಮ್ಮನೆ ಮಕ್ಕಳು ಕೇಳುವುದು ಒಂದೇ ಕಥೆ: ನಾನೂ ಅಣ್ಣನೂ ಜೋಗ ಹತ್ತಿದ್ದು. ನೋಡಿದ್ದಲ್ಲ, ಇಳಿದದ್ದಲ್ಲ, ಹತ್ತಿದ್ದು. ಅದೂ ಬಂದೂಕು ಹಿಡಿದು.

1996ರ ಬೇಸಿಗೆ ರಜೆ. ಸಾಗರದ ಪೇಟೆಯಲ್ಲಿ ಒಂದು ಅಂಗಡಿಯ ಹಿಂದೆ ಪರದೆ ಎಳೆದು, ಟೀವಿಗೆ ವಿಡಿಯೋ ಗೇಮ್ ಹಾಕಿಟ್ಟಿದ್ದರು. ಗಂಟೆಗೆ ಹತ್ತು ರೂಪಾಯಿ. ವಾರವಿಡೀ ಗೇರುಬೀಜ ಆರಿಸಿ ಮಾರಿದರೆ ನಮ್ಮಿಬ್ಬರದೂ ಸೇರಿ ಒಂದು ಗಂಟೆಗೆ ಆಗುತ್ತಿತ್ತು. ಹಳದಿ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಅದುಮಿ ಕೂರಿಸಿ, ಸ್ವಿಚ್ ಹಾಕಿದರೆ ಕಾಂಟ್ರಾ.

ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಕಾಸು ಹಾಕಿ ಆಡುವ ಯಂತ್ರಕ್ಕೆಂದು ಮಾಡಿದ ಆಟ ಅದು. ಮರುವರ್ಷ ಮನೆ ಟೀವಿಗೂ ಬಂತು. ನಮ್ಮೂರಿಗೆ ಬಂದ ಯಂತ್ರವೂ ನಕಲಿ, ಕ್ಯಾಸೆಟ್ಟೂ ನಕಲಿ. ಕಷ್ಟ ಮಾತ್ರ ಅಸಲಿ. ಇದ್ದದ್ದು ಮೂರೇ ಜೀವ. ಒಂದು ಗುಂಡು ತಾಗಿದರೂ ಒಂದು ಜೀವ ಹೋಯಿತು, ಜೊತೆಗೆ ಐದು ಗುಂಡು ಬೀಸಣಿಗೆಯ ಹಾಗೆ ಹಾರಿಸುವ ಎಸ್ ಗನ್ನೂ ಹೋಯಿತು. ಕಾಲಿಟ್ಟ ಕೂಡಲೇ ಸಿಡಿಯುವ ಸೇತುವೆ ದಾಟಿ, ಕೋಟೆ ಒಡೆದರೆ ಮೂರನೇ ಸ್ಟೇಜು, ಜಲಪಾತ. ಸಾಗರದ ಹುಡುಗರು ಅದನ್ನು ಇನ್ನೇನೆಂದಾರು? ಜೋಗ!

ಅವತ್ತು ಮೊದಲ ಸಲ ಇಬ್ಬರೂ ಜೋಗದ ಬುಡಕ್ಕೆ ಬಂದೆವು. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೆ ಹೋಗಬೇಕು. ಮೇಲಿಂದ ಕಲ್ಲು ಉರುಳುತ್ತವೆ. ಅದಕ್ಕಿಂತ ದೊಡ್ಡ ಪೀಕಲಾಟ ಬೇರೆಯೇ ಇತ್ತು. ಒಬ್ಬ ಹತ್ತಿದರೆ ಪರದೆಯೂ ಅವನ ಜೊತೆ ಹತ್ತುತ್ತದೆ. ಕೆಳಗೆ ಉಳಿದವನು ಪರದೆಯಿಂದ ಆಚೆ, ಅಂದರೆ ಸತ್ತ.

ಇಬ್ಬರಿಗೂ ಒಂದೊಂದೇ ಜೀವ ಉಳಿದಿತ್ತು. ಅಣ್ಣನ ಕೈಲಿ ಎಸ್ ಗನ್. ಅವನು ಹಾರಿದ, ಮತ್ತೆ ಹಾರಿದ. "ತಡಿಯೋ ಅಣ್ಣಾ!" ಎಂದೆ. "ನೀನು ಹಾರೋ ಮಾರಾಯ!" ಎಂದ. ಬೆವರಿದ ಬೆರಳು ಬಟನ್ ಮೇಲೆ ಜಾರಿತು. ನನ್ನ ಕಾಲಡಿಯ ಬಂಡೆಯೇ ಪರದೆಯಿಂದ ಕೆಳಗಿಳಿಯಿತು, ಹಿಂದೆಯೇ ನಾನು. ಮೇಲೆ ಎರಡು ಉದ್ದ ಕೈಯ ರಾಕ್ಷಸ ಬೆಂಕಿಯುಂಡೆ ಎಸೆಯಲು ಶುರು ಮಾಡಿದ್ದ. ಅಣ್ಣ ಒಂದು ಗಳಿಗೆ ನನ್ನ ಮುಖ ನೋಡಿದ. ಅಷ್ಟರಲ್ಲಿ ಅವನದೂ ಮುಗಿಯಿತು. "ಟೈಮಾಯ್ತು, ಏಳಿ," ಎಂದರು ಅಂಗಡಿಯವರು.

ನನ್ನಿಂದ ಅವನು ಸತ್ತ ಅಂತ ಅವನು, ಅವನಿಂದ ನಾನು ಅಂತ ನಾನು. ಎರಡು ದಿನ ಮಾತಿಲ್ಲ.

ಮರುಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಾವನ ಮಗ ಮಂತ್ರ ಹೇಳಿಕೊಟ್ಟ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಮೂರು ಜೀವ ಮೂವತ್ತಾದವು. ಒಂದೇ ಗಂಟೆಯಲ್ಲಿ ಎಂಟೂ ಸ್ಟೇಜು ಮುಗಿಸಿ ಹೊರಗೆ ಬಂದು ಐಸ್‌ಕ್ಯಾಂಡಿ ತಿಂದೆವು. ಆಮೇಲೆ ಆ ಪರದೆಯೊಳಗೆ ನಾವು ಹೋದ ನೆನಪಿಲ್ಲ.

2020ರ ಫೆಬ್ರವರಿಯಲ್ಲಿ ಆ ಮಂತ್ರ ಕಟ್ಟಿದ ಕಜುಹಿಸಾ ಹಾಶಿಮೊಟೊ ತೀರಿಕೊಂಡ ಸುದ್ದಿ ಓದಿದೆ. ಕೊನಾಮಿಯದೇ ಗ್ರೇಡಿಯಸ್ ಎಂಬ ವಿಮಾನದ ಆಟವನ್ನು 1986ರಲ್ಲಿ ಮನೆ ಟೀವಿಗೆ ಅಳವಡಿಸುವಾಗ, ಪರೀಕ್ಷೆಗೆಂದು ಆಡಲು ಕೂತರೆ ಅವರಿಗೇ ದಾಟಲಾಗಲಿಲ್ಲವಂತೆ. ಅದಕ್ಕೇ ತನ್ನ ಅನುಕೂಲಕ್ಕೆ, ನೆನಪಿಡಲು ಸುಲಭವಾದ ಈ ಕಳ್ಳದಾರಿ. ಆಟ ಮಾರಾಟಕ್ಕೆ ಹೋದಾಗಲೂ ಅದು ಒಳಗೇ ಉಳಿಯಿತು; ಮುಂದೆ ಕಾಂಟ್ರಾಕ್ಕೂ ಬಂತು.

ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. "ಮಾಡಿದವನಿಗೇ ಆಡಕ್ಕೆ ಬರ್ತಿರಲಿಲ್ವಂತೆ, ಇನ್ನು ನಮ್ಮದೇನು ಹೇಳು!"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅದೆಲ್ಲ ಇರ್ಲಿ," ಎಂದ ಅಣ್ಣ. "ಅವತ್ತು ಜೋಗದಲ್ಲಿ ನೀನು ಸ್ವಲ್ಪ ಬೇಗ ಹಾರಬೇಕಿತ್ತು."