ಟೀವಿಯ ಅಡಿಗೆಮನೆ ಮತ್ತು ನಮ್ಮ ಖಾಲಾ

ಸಿಹಿಕಹಿ ಚಂದ್ರು ಅವರ ಪರಿಚಯವಿಲ್ಲದ ಮನೆ ನಮ್ಮ ಯಾದಗಿರಿ ಜಿಲ್ಲೆಯಲ್ಲೂ ಕಡಿಮೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿ ಕಹಿ’ ಧಾರಾವಾಹಿ ಅವರಿಗೆ ಆ ಹೆಸರನ್ನು ಕೊಟ್ಟಿತು. ಅದರಲ್ಲೇ ನಟಿಸಿದ ಗೀತಾ ಅವರ ಪತ್ನಿ; ಅವರೂ ಸಿಹಿಕಹಿ ಗೀತಾ ಎಂದೇ ಹೆಸರಾದರು. ಆಗ ನಮ್ಮ ಕಡೆ ಟೀವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನನ್ನ ವಯಸ್ಸಿನವರಿಗೆ ಚಂದ್ರು ಪರಿಚಯವಾದದ್ದು ಮುಂದೆ ಈಟಿವಿಯಲ್ಲಿ ‘ಪಾಪಾ ಪಾಂಡು’ ಬಂದಾಗ. ಆ ಹಾಸ್ಯ ಧಾರಾವಾಹಿಯ ಹಿಂದೆ ಇದ್ದವರೂ ಅವರೇ. ಆಮೇಲೆ ಸ್ಟಾರ್ ಸುವರ್ಣದಲ್ಲಿ ‘ಬೊಂಬಾಟ್ ಭೋಜನ’ ಶುರುವಾಯಿತು. ಜನರನ್ನು ನಗಿಸುತ್ತಿದ್ದ ನಟ ಸೌಟು ಹಿಡಿದು ನಿರೂಪಕರೂ ಆದರು, ಅಡಿಗೆಯವರೂ ಆದರು.

ಗಂಡ ಹೆಂಡತಿ ಇಬ್ಬರೂ ನಟರು. ಟೀವಿಯಲ್ಲಿ ಅಡಿಗೆಗೆ ಹೆಸರಾದವರು ಮಾತ್ರ ಗಂಡ. ಇದನ್ನು ನಾನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಗಂಡಸರು ಒಲೆಯ ಮುಂದೆ ನಿಲ್ಲುವುದನ್ನು ನಮ್ಮ ಹುಡುಗರು ನೋಡಬೇಕು. ಪ್ರವಾದಿಯವರೇ (ಸ) ಮನೆಯಲ್ಲಿದ್ದಾಗ ಮನೆಗೆಲಸಕ್ಕೆ ಕೈಜೋಡಿಸುತ್ತಿದ್ದರೆಂದು ಹಝ್ರತ್ ಆಯಿಷಾ (ರ) ತಿಳಿಸಿಲ್ಲವೇ? ನನ್ನ ತಕರಾರು ಬೇರೆ ಇದೆ.

ನಮ್ಮ ಖಾಲಾ ಸುರಪುರದಲ್ಲಿದ್ದಾರೆ. ಖಾಲೂ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಕೀಕಾ, ಛಟ್ಟಿ, ನಿಶ್ಚಿತಾರ್ಥ, ಹೀಗೆ ಐವತ್ತು ಅರವತ್ತು ಜನರ ಊಟವಿದ್ದರೆ ಅವರನ್ನು ಕರೆಯುತ್ತಾರೆ. ಬಗಾರ ಖಾನಾ, ದಾಲ್ಚಾ, ಅಂಬಾಡೆಯ ಗೋಷ್ತ್, ಕೊನೆಗೆ ಡಬಲ್ ಕಾ ಮೀಠಾ. ಅಂಬಾಡೆ ಎಂದರೆ ಬೇರೇನೂ ಅಲ್ಲ, ಪಕ್ಕದ ಮನೆಯ ನೀಲವ್ವ ರೊಟ್ಟಿಯ ಜೊತೆ ಉಣ್ಣುವ ಪುಂಡಿಪಲ್ಯದ ಅದೇ ಸೊಪ್ಪು. ನಮ್ಮಲ್ಲಿ ಅದು ಮಾಂಸದ ಜೊತೆ ಬೇಯುತ್ತದೆ, ಅವರಲ್ಲಿ ಬೇಳೆ, ಜೋಳದ ನುಚ್ಚಿನ ಜೊತೆ. 1948ರ ತನಕ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನ ರುಚಿಯೂ ಭೀಮಾ ಕೃಷ್ಣಾ ನಡುವಿನ ಜೋಳದ ರೊಟ್ಟಿಯೂ ನಮ್ಮ ತಟ್ಟೆಯಲ್ಲಿ ಜೊತೆಯಾಗಿ ಕೂತಿವೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ ನಿಂತಿತು. ಹಬ್ಬಕ್ಕೆ ಮಾತ್ರ ಅನ್ನ ಮಾಡುತ್ತಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತು. ಯಾವ ಚಾನೆಲ್ಲಿನವರಾದರೂ ಒಮ್ಮೆ ಖಾಲಾ ಅವರ ಅಡಿಗೆಮನೆಗೆ ಬಂದರೆ ಒಂದು ವಾರದ ಕಾರ್ಯಕ್ರಮಕ್ಕೆ ಸಾಕಾಗುವಷ್ಟು ಇದೆ!

ಟೀವಿಯಲ್ಲಿ ಈರುಳ್ಳಿ ಮೊದಲೇ ಹೆಚ್ಚಿಟ್ಟಿರುತ್ತದೆ. ಮಸಾಲೆ ಪುಟ್ಟ ಗಾಜಿನ ಬಟ್ಟಲುಗಳಲ್ಲಿ ಸಾಲಾಗಿ ಕೂತಿರುತ್ತದೆ. ಒಂದು ಗಂಟೆ ಬೇಯಬೇಕಾದದ್ದು ಜಾಹೀರಾತು ಮುಗಿಯುವಷ್ಟರಲ್ಲಿ ಬೆಂದಿರುತ್ತದೆ. ಪಾತ್ರೆ ತೊಳೆಯುವವರು ಪರದೆಯ ಮೇಲೆ ಬರುವುದೇ ಇಲ್ಲ. ಖಾಲಾ ಮುಂಜಾನೆ ಫಜ್ರ್ ಮುಗಿಸಿ ಹತ್ತು ಕಿಲೋ ಈರುಳ್ಳಿಯ ಮುಂದೆ ಕೂರುತ್ತಾರೆ. ಸಹಾಯಕ್ಕಿರುವುದು ಮಗಳೊಬ್ಬಳೇ.

ಹೋದ ವರ್ಷ ಆ ಮಗಳಿಗೆ ಸಂಬಂಧವೊಂದು ಬಂತು. ಹುಡುಗಿ ಬಿ.ಎ. ಮುಗಿಸಿ ಬಿ.ಎಡ್. ಓದುತ್ತಿದ್ದಾಳೆ. ಬಂದವರು ನೋಡಿದರು, ಮೆಚ್ಚಿದರು, ಬಗಾರ ಎರಡು ಸಲ ಹಾಕಿಸಿಕೊಂಡರು. ವಾರದ ನಂತರ ಮಧ್ಯಸ್ಥರ ಬಾಯಲ್ಲಿ ಮಾತು ಬಂತು: ಹುಡುಗಿ ಒಳ್ಳೆಯವಳೇ, ಆದರೆ ತಾಯಿ ಬೇರೆಯವರ ಮನೆಯಲ್ಲಿ ಅಡಿಗೆ ಮಾಡುತ್ತಾಳಂತೆ.

ಖಾಲಾ ಅಳಲಿಲ್ಲ. “ಟೀವಿ ಮೆ ಪಕಾಯೆ ತೊ ಉಸ್ತಾದ್, ಹಮೆ ಪಕಾಯೆ ತೊ ಬಾವರ್ಚಿನ್” ಎಂದರು. ಟೀವಿಯಲ್ಲಿ ಬೇಯಿಸಿದರೆ ಗುರು, ನಾವು ಬೇಯಿಸಿದರೆ ಅಡಿಗೆಯವಳು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು, “ಬಿಟ್ಟುಬಿಡಲೇನು?”

ಬಿಟ್ಟರೆ ಬಿ.ಎಡ್. ಶುಲ್ಕ ಯಾರು ಕಟ್ಟುತ್ತಾರೆ? ಆ ಹುಡುಗನ ಮನೆಯವರೇ?

ಸಹೋದರಿಯರೇ, ಒಂದು ವಿಷಯ ಗಮನಿಸಿ. ಮದುವೆಯ ದೊಡ್ಡ ದೇಗು ಏರಿತೆಂದರೆ ಅಲ್ಲಿರುವ ಬಾವರ್ಚಿ ಗಂಡಸು. ಅವನಿಗೆ ಮುಂಗಡ ಕೊಡುತ್ತಾರೆ, ಚಹಾ ಕೊಡುತ್ತಾರೆ, ದರದ ಬಗ್ಗೆ ಯಾರೂ ಕೊಂಕು ಮಾತಾಡುವುದಿಲ್ಲ. ಅವನ ಮಗಳ ಮದುವೆ ನಿಂತದ್ದನ್ನು ನಾನು ಕೇಳಿಲ್ಲ. ಅದೇ ಕೆಲಸ ಹೆಣ್ಣು ಮಾಡಿದರೆ “ಪಾಪ, ಗತಿಯಿಲ್ಲ” ಎನ್ನುತ್ತಾರೆ. ಉಳಿದ ಅನ್ನವನ್ನು ಡಬ್ಬಿಗೆ ಹಾಕಿ ಕೊಟ್ಟು ಕೂಲಿಯಲ್ಲಿ ಅಷ್ಟನ್ನು ಮುರಿದುಕೊಂಡವರೂ ಇದ್ದಾರೆ.

ಅಡಿಗೆಯಿಂದಲೇ ಗೌರವ ಗಳಿಸಿದ ಹೆಂಗಸರು ಇಲ್ಲವೆಂದಲ್ಲ. ಮುಂಬೈಯ ತರಲಾ ದಲಾಲ್ 1966ರಲ್ಲಿ ತಮ್ಮ ಮನೆಯಲ್ಲೇ ನೆರೆಯವರಿಗೆ ಅಡಿಗೆ ತರಗತಿ ಆರಂಭಿಸಿದರು. 1974ರಲ್ಲಿ ಮೊದಲ ಪುಸ್ತಕ, ಮುಂದೆ ಟೀವಿ, 2007ರಲ್ಲಿ ಪದ್ಮಶ್ರೀ. 2013ರಲ್ಲಿ ತೀರಿಕೊಂಡರು. ಇನ್ನೊಬ್ಬರು ಝುಬೈದಾ ತಾರಿಖ್. 1945ರಲ್ಲಿ ಹುಟ್ಟಿದ್ದು ನಮ್ಮ ಹೈದರಾಬಾದಿನಲ್ಲೇ, ಬದುಕಿದ್ದು ಕರಾಚಿಯಲ್ಲಿ. ಸಂಸಾರ, ಮಕ್ಕಳು ಎಲ್ಲ ಒಂದು ನೆಲೆಗೆ ಬಂದ ಮೇಲೆ ಟೀವಿಗೆ ಬಂದವರು. ಸೀರೆಯುಟ್ಟು, ಅಡಿಗೆಯ ಜೊತೆ ಮನೆಮದ್ದು, ಕಲೆ ತೆಗೆಯುವ ಉಪಾಯಗಳನ್ನೂ ಹೇಳುತ್ತಿದ್ದರು. ಎಲ್ಲರಿಗೂ ಅವರು ‘ಝುಬೈದಾ ಆಪಾ’. 2018ರ ಜನವರಿಯಲ್ಲಿ ಅವರು ಇಹಲೋಕ ತ್ಯಜಿಸಿದ ಸುದ್ದಿ ಬಂದಾಗ ನಮ್ಮ ಖಾಲಾ ಮನೆಯವರೇ ಹೋದಂತೆ ಮಂಕಾಗಿ ಕೂತಿದ್ದರು.

ತರಲಾ ದಲಾಲ್ ಮನೆಯಲ್ಲೇ ಶುರು ಮಾಡಿದ್ದರೆಂಬ ಮಾತು ಖಾಲಾಳ ಮಗಳಿಗೆ ಹಿಡಿಸಿತು. ಶುಕ್ರವಾರ ಮಧ್ಯಾಹ್ನ ಮೊಹಲ್ಲಾದ ಆರು ಹುಡುಗಿಯರು ಈಗ ಕಲಿಯಲು ಬರುತ್ತಾರೆ. ನೀಲವ್ವನ ಸೊಸೆಯೂ ಬಂದು ಬಾಗಿಲ ಬಳಿ ಕೂರುತ್ತಾಳೆ. ಮಾಂಸದ ದಿನ ಮಾತ್ರ ಬರುವುದಿಲ್ಲ. ತಲೆಗೆ ತಿಂಗಳಿಗೆ ಇನ್ನೂರು ರೂಪಾಯಿ. ಇಬ್ಬರು ಇನ್ನೂ ಕೊಟ್ಟಿಲ್ಲ, ಖಾಲಾ ಕೇಳುವುದೂ ಇಲ್ಲ.

ಸಂಬಂಧ ಇನ್ನೂ ಕೂಡಿಬಂದಿಲ್ಲ. ಶಹಾಪುರದಿಂದ ಒಬ್ಬರು ವಿಚಾರಿಸಿದ್ದಾರೆ. ಈ ಸಲ ಹುಡುಗಿಯೇ ಮಧ್ಯಸ್ಥರಿಗೆ ಮೊದಲು ಹೇಳಿ ಕಳಿಸಿದ್ದಾಳೆ, “ಅಮ್ಮಿ ಅಡಿಗೆ ಕೆಲಸ ಮಾಡುತ್ತಾರೆ, ನಾನು ಲೆಕ್ಕ ಬರೆಯುತ್ತೇನೆ. ಒಪ್ಪಿಗೆ ಇದ್ದರೆ ಬರಲಿ.” ಆ ಲೆಕ್ಕದ ಪುಸ್ತಕವನ್ನು ನಾನು ನೋಡಿದ್ದೇನೆ. ಮುಂಗಡ, ಬಾಕಿ, ಎಣ್ಣೆ, ಕಟ್ಟಿಗೆ ಎಲ್ಲಕ್ಕೂ ಗೆರೆ ಎಳೆದಿದ್ದಾಳೆ. ಉಳಿದ ಅನ್ನದ ಡಬ್ಬಿಗೆ ಅದರಲ್ಲಿ ಕಾಲಂ ಇಲ್ಲ.