ಅರ ಹಿಡಿಯುವ ಅಕ್ಷರಾಭ್ಯಾಸ

ನಮ್ಮ ಕಡೆ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತೇವೆ. ಕಬ್ಬಿಣದ ಕಸುಬಿಗೆ ಸೇರುವವನಿಗೂ ಅಂಥದೊಂದು ಅಕ್ಷರಾಭ್ಯಾಸವುಂಟು. ಹಳ್ಳಿಯ ಕುಲುಮೆಯಲ್ಲಿ ಅದು ತಿದಿ ಒತ್ತುವುದರಿಂದ ಮೊದಲಾಗುತ್ತಿತ್ತು. ಐ.ಟಿ.ಐ.ನ ಫಿಟ್ಟರ್ ವಿಭಾಗದಲ್ಲಿ ಅರ ಹಿಡಿಯುವುದರಿಂದ ಮೊದಲಾಗುತ್ತದೆ. ಈ ಎರಡನೆಯ ಬಗೆಯ ಅಕ್ಷರಾಭ್ಯಾಸದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹುದಿನದಿಂದ ಅಂದುಕೊಂಡಿದ್ದೆ.

ಶಿವಮೊಗ್ಗ–ಭದ್ರಾವತಿಯ ಮನೆಗಳಲ್ಲಿ 'ಕಾರ್ಖಾನೆ' ಎಂದರೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಕಬ್ಬಿಣ ತೆಗೆದರು. ಅಲ್ಲಿಂದ ಮುಂದೆ ಎಷ್ಟೋ ಸಂಸಾರಗಳು ಅದೇ ಬೆಂಕಿಯಲ್ಲಿ ಅನ್ನ ಬೇಯಿಸಿಕೊಂಡವು. "ಹುಡುಗ ಅಪ್ರೆಂಟಿಸ್ ಸೇರಿದ" ಎಂಬ ಮಾತನ್ನು ತಾಯಂದಿರು ಅರ್ಧ ಮದುವೆ ಮುಗಿಸಿದಷ್ಟು ನಿರಾಳವಾಗಿ ಹೇಳುತ್ತಿದ್ದರು.

ನನ್ನ ವಿದ್ಯಾರ್ಥಿಯೊಬ್ಬ ಫಿಟ್ಟರ್ ತರಬೇತಿಗೆ ಸೇರಿ ತಿಂಗಳಾಗುವಷ್ಟರಲ್ಲಿ ಮನೆಗೆ ಬಂದಿದ್ದ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. "ಮೇಷ್ಟ್ರೇ, ಯಂತ್ರ ಕಲಿಸುತ್ತಾರೆಂದು ಹೋದೆ. ಒಂದು ಕಬ್ಬಿಣದ ತುಂಡು ಕೊಟ್ಟು ದಿನವಿಡೀ ಉಜ್ಜು ಎನ್ನುತ್ತಾರೆ. ಇದರಲ್ಲಿ ಕಲಿಯುವುದೇನಿದೆ?" ಎಂದ.

"ನಿನ್ನ ತುಂಡು ಸಮವಾಯಿತೇನಯ್ಯಾ?" ಎಂದು ಕೇಳಿದೆ.

"ಇಲ್ಲ ಮೇಷ್ಟ್ರೇ, ನಡುವೆ ಉಬ್ಬು ಹಾಗೇ ಉಳಿಯುತ್ತದೆ."

ಆ ಉಬ್ಬಿಗೆ ಕಾರಣವನ್ನು ಕೆಲವು ವಾರಗಳ ಅನಂತರ ಅವನೇ ಬಂದು ನನಗೆ ಪಾಠ ಹೇಳಿದ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕೊರೆಯುತ್ತದೆ, ಹಿಂದಕ್ಕೆ ಬರುವಾಗ ಒತ್ತಬಾರದು. ತಳ್ಳಲು ತೊಡಗಿದಾಗ ತುದಿಯಲ್ಲಿರುವ ಎಡಗೈಯ ಒತ್ತಡ ಹೆಚ್ಚಿರಬೇಕು. ಅರ ಮುಂದೆ ಸಾಗಿದಂತೆ ಅದು ಮೆಲ್ಲನೆ ಹಿಡಿಯ ಮೇಲಿನ ಬಲಗೈಗೆ ಬರಬೇಕು. ಹಾಗೆ ಬಾರದಿದ್ದರೆ ಅರ ತೊಟ್ಟಿಲಿನಂತೆ ತೂಗಿ ಎರಡೂ ಅಂಚುಗಳನ್ನು ತಿನ್ನುತ್ತದೆ, ನಡುಭಾಗ ಉಬ್ಬುತ್ತದೆ. ಆಮೇಲೆ ನೇರ ಅಂಚಿನ ಮಟ್ಟವನ್ನು ತುಂಡಿನ ಮೇಲಿಟ್ಟು ಬೆಳಕಿಗೆ ಹಿಡಿಯಬೇಕು. ಬೆಳಕು ತೂರಿದ ಕಡೆ ತಗ್ಗು, ತೂರದ ಕಡೆ ಇನ್ನೂ ಉಜ್ಜುವುದು ಬಾಕಿ. "ಇಲ್ಲಿ ನಕಲು ಹೊಡೆಯಲಾಗುವುದಿಲ್ಲ ಮೇಷ್ಟ್ರೇ" ಎಂದು ನಕ್ಕ. ಅಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಅಂಥ ನಿಷ್ಠುರ ಪರೀಕ್ಷಕ ಬೇರೊಬ್ಬ ಸಿಕ್ಕಿರಲಿಲ್ಲ.

ಕುಲುಮೆಯ ವಿದ್ಯೆಯಲ್ಲಿಯೂ ಇದೇ ಕಟ್ಟುನಿಟ್ಟು. ಉಳಿಗೆ ಹದ ಕೊಡುವಾಗ ಕೆಂಪಗೆ ಕಾಯಿಸಿ ತುದಿಯನ್ನು ಮಾತ್ರ ನೀರಿಗದ್ದಿ, ಥಟ್ಟನೆ ಉಜ್ಜಿ ಹೊಳಪು ಬರಿಸಿ, ಹಿಂದೆ ಉಳಿದ ಕಾವು ತುದಿಗೆ ಹರಿಯುವುದನ್ನು ಕಾಯುತ್ತಾರೆ. ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂದು ಬಣ್ಣಗಳು ಸಾಲಾಗಿ ಬರುತ್ತವೆ. ಬೇಕಾದ ಬಣ್ಣದಲ್ಲಿ ಮತ್ತೆ ನೀರಿಗದ್ದಬೇಕು. ಮೊದಲೇ ಅದ್ದಿದರೆ ಉಳಿ ಸಿಡಿಯುತ್ತದೆ, ತಡವಾದರೆ ಬಾಯಿ ಮಡಚುತ್ತದೆ.

ಕೈಕಸುಬಿನ ವಿದ್ಯೆಯ ಬೆಲೆಯನ್ನು ವಿಶ್ವೇಶ್ವರಯ್ಯನವರು ಚೆನ್ನಾಗಿ ಬಲ್ಲವರಾಗಿದ್ದರು. ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದದ್ದಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ. ಅದಕ್ಕೆ ತಮ್ಮ ಹೆಸರಿಡುವುದು ಬೇಡ, ಮಹಾರಾಜರ ಹೆಸರಿರಲಿ ಎಂದವರೂ ಅವರೇ.

ಇಷ್ಟಾಗಿಯೂ ಒಂದು ಕಹಿ ಮಾತನ್ನು ಮುಚ್ಚಿಡಲಾರೆ. 1961ರ ಶಿಶಿಕ್ಷು ಕಾಯ್ದೆ ತರಬೇತಿ ಕೊಡಿಸಿತೇ ಹೊರತು, ತರಬೇತಿ ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂದು ಮಾಲೀಕರನ್ನು ಕಟ್ಟಿಹಾಕಲಿಲ್ಲ. ಇನ್ನು ಭದ್ರಾವತಿಯ ಕಾರ್ಖಾನೆ ಮೊದಲ ಕಬ್ಬಿಣ ಕರಗಿಸಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕುಳಿತರು. ಅದೇ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತೆಂಬುದೇ ಸಮಾಧಾನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಆ ದಿನಗಳಲ್ಲಿ ಪದೇ ಪದೇ ನೆನಪಾಯಿತು.

ಆದ್ದರಿಂದ "ಮಗನನ್ನು ಐ.ಟಿ.ಐ.ಗೆ ಸೇರಿಸಲೇ?" ಎಂದು ಕೇಳುವ ಬಂಧುಗಳಿಗೆ, ಕಾರ್ಖಾನೆಯ ಗೇಟನ್ನು ನೋಡಿ ಸೇರಿಸಬೇಡಿ, ಹುಡುಗನ ಕೈಯನ್ನೂ ತಾಳ್ಮೆಯನ್ನೂ ನೋಡಿ ಸೇರಿಸಿ ಎನ್ನುತ್ತೇನೆ. ಅಂಕ ಕಡಿಮೆ ಬಂತೆಂಬ ಶಿಕ್ಷೆಯಾಗಿಯಂತೂ ಖಂಡಿತ ಬೇಡ. ಅಂದು ಬೊಬ್ಬೆ ತೋರಿಸಿದ ಹುಡುಗ ಮಾಚೇನಹಳ್ಳಿಯ ಕಡೆ ಒಂದು ವರ್ಕ್‌ಶಾಪಿನಲ್ಲಿ ಈಗ ಹೊಸಬರಿಗೆ ಕೆಲಸ ಕಲಿಸುತ್ತಾನೆ. ಮೊದಲ ದಿನ ಅವರ ಕೈಗೆ ಏನು ಕೊಡುತ್ತೀಯೆಂದು ಕೇಳಿದ್ದಕ್ಕೆ, "ಒಂದು ತುಂಡು, ಒಂದು ಅರ, ಮೇಷ್ಟ್ರೇ" ಎಂದ.